ಕರಾರಿನ ದಿನದಿಂದ

9 ಜನವರಿ 2012

ಪ್ರೀತಿಯ ತಮ್ಮಾ,

ಫೋನ್ ಮಾಡಬಹುದಿತ್ತು. ಆದರೆ ಫೋನಲ್ಲಿ ನೀನು ‘ಹೂಂ ಅಕ್ಕ, ಹೂಂ ಅಕ್ಕ’ ಅಂತಾ ಇನ್ನೇನೋ ಓದ್ತಾ ಕೂತಿರ್ತೀಯ. ಕಾಗದ ಆದರೆ ಓದಲೇಬೇಕು. ಓದೋದೇ ತಾನೆ ವಕೀಲನಾದ ನಿನ್ನ ಹೊಟ್ಟೆಪಾಡು.

ಅಂತೂ ಸೇತುವೆ ಬರ್ತಿದೆ. ಈ ಸಲ ಬರೀ ಬಾಯಿಮಾತಲ್ಲ. ಒಂದು ವಾರದಿಂದ ಒಬ್ಬ ನಮ್ಮ ಧಕ್ಕೆಯಲ್ಲಿ ಕುರ್ಚಿ ಹಾಕಿಕೊಂಡು ಲಾಂಚು ಹತ್ತೋ ಗಾಡಿಗಳನ್ನೆಲ್ಲ ಎಣಿಸಿ ಬರ್ಕೊಂಡ. ಸೈಕಲ್ಲಿಗೊಂದು ಗೆರೆ, ಲಾರಿಗೊಂದು ಗೆರೆ. ನಾಳೆ ಇವೆಲ್ಲ ಸೇತುವೆ ಮೇಲೆ ಸುಂಕ ಕೊಡೋ ಗಾಡಿಗಳಂತೆ. ನಿನ್ನ ಭಾವ ಅವನಿಗೆ ಎರಡು ಹೊತ್ತೂ ಟೀ ಕೊಟ್ಟು ಉಪಚಾರ ಮಾಡಿದ್ರು. ನಮ್ಮ ಗಿರಾಕಿಗಳನ್ನ ಎಣಿಸೋಕೆ ನಮ್ಮದೇ ಟೀ!

ನಿನ್ನೆ ಇಬ್ಬರು ಅಧಿಕಾರಿಗಳು ಬಂದು ಒಂದು ಒಪ್ಪಿಗೆ ಪತ್ರ ಕೊಟ್ಟು ಹೋದರು. ನಮಗೊಂದು, ಆಚೆ ದಡದ ಗಡಿಯಾರ ಮಾವನಿಗೊಂದು. ಮಾವನ ನೆನಪಿದೆ ತಾನೆ? ಮೂವತ್ತು ವರ್ಷದಲ್ಲಿ ಒಂದು ದಿನವೂ ತನ್ನ ಲಾಂಚನ್ನ ಒಂದು ನಿಮಿಷ ತಡ ಮಾಡದ ಮನುಷ್ಯ. ಪತ್ರದಲ್ಲಿ ಇರೋದು ಇಷ್ಟೇ: ‘ಸೇತುವೆ ಯೋಜನೆಯ ಕರಾರಿನಲ್ಲಿರುವ ಎಲ್ಲ ಷರತ್ತುಗಳಿಗೂ ನಮ್ಮ ಒಪ್ಪಿಗೆ ಇದೆ.’ ಕರಾರು ತೋರಿಸಿ ಅಂದೆ. ಅದು ಇನ್ನೂ ತಯಾರಾಗ್ತಿದೆ, ಹೊರಗಿನವರಿಗೆ ತೋರಿಸೋ ಹಾಗಿಲ್ಲ ಅಂದರು. ನೋಡದೇ ಇರೋ ಷರತ್ತಿಗೆ ಒಪ್ಪಿಗೆ ಕೊಡೋದು ಹೇಗೋ?

ನಾವು ಸೇತುವೆಗೆ ಅಡ್ಡ ಬರೋರಲ್ಲ. ನಿನ್ನ ಭಾವನ ಮಂಡಿ ಇನ್ನೆಷ್ಟು ವರ್ಷ ಚುಕ್ಕಾಣಿ ಹಿಡಿದು ನಿಲ್ಲುತ್ತೆ? ಆದರೆ ಬದುಕು ಬದಲಾಯಿಸಿಕೊಳ್ಳೋಕೆ ನಾಲ್ಕು ವರ್ಷ ಬೇಕು. ಪತ್ರದ ನಕಲು ಇಟ್ಟಿದ್ದೀನಿ. ಸಹಿ ಹಾಕಲಾ ಬೇಡವಾ, ಒಂದು ಮಾತು ಬರಿ.

ನಿನ್ನ ಅಕ್ಕ

●

17 ಜನವರಿ 2012

ಅಕ್ಕಾ,

ಓದಿದೆ. ಧೈರ್ಯವಾಗಿ ಸಹಿ ಹಾಕು.

ಇಂಥ ಯೋಜನೆಗಳಲ್ಲಿ ಇದು ಮಾಮೂಲು. ಸೇತುವೆ ಕಟ್ಟೋ ಕಂಪನಿ ತನ್ನ ಕೈಯಿಂದ ಹಾಕೋದು ಸ್ವಲ್ಪ, ಉಳಿದದ್ದೆಲ್ಲ ಬ್ಯಾಂಕುಗಳ ಸಾಲ. ಆ ಸಾಲ ತೀರೋದು ಸುಂಕದಿಂದ. ಹಾಗಾಗಿ ಮುಂದೆ ಯಾರೂ ತಕರಾರು ತೆಗೆಯಬಾರದು ಅಂತ ಬ್ಯಾಂಕಿನವರು ಮೊದಲೇ ಎಲ್ಲರ ಸಹಿ ಕೇಳ್ತಾರೆ. ಸೇತುವೆ ಆದಮೇಲೆ ಲಾಂಚು ನಿಲ್ಲಿಸಬೇಕಾಗುತ್ತೆ, ಅದು ನಿನಗೂ ಗೊತ್ತು. ಆದರೆ ಸೇತುವೆ ತೆರೆಯೋವರೆಗೆ ನಿನ್ನ ಲಾಂಚಿಗೆ ಯಾರೂ ಕೈ ಹಚ್ಚಲ್ಲ. ಅಂದರೆ ಕಡಿಮೆ ಅಂದರೂ ಮೂರು ವರ್ಷ. ಸಹಿ ಹಾಕದೇ ಇದ್ದರೆ ತಕರಾರಿನವರು ಅಂತ ಹೆಸರು ಬರುತ್ತೆ, ಆಮೇಲೆ ಪರಿಹಾರದ ಮಾತು ಬಂದಾಗ ನಿಮ್ಮನ್ನ ಹಿಂದಿನ ಸಾಲಿಗೆ ತಳ್ತಾರೆ.

ಕರಾರು ಹೇಗಿರುತ್ತೆ ಅಂತ ನನಗೆ ಹೇಗೆ ಗೊತ್ತು ಅಂತ ಕೇಳಬೇಡ. ಈ ಊರಲ್ಲಿ ಈ ಕೆಲಸ ಮಾಡೋ ಕಚೇರಿಗಳು ಬೆರಳೆಣಿಕೆಯಷ್ಟು, ನನಗೆ ಎಲ್ಲ ಕಡೆಯೂ ಪರಿಚಯ ಇದೆ.

ಭಾವನಿಗೆ ಮಂಡಿಗೆ ಬಿಸಿನೀರಿನ ಶಾಖ ಕೊಡು.

ತಮ್ಮ

●

4 ಫೆಬ್ರವರಿ 2012

ತಮ್ಮಾ,

ಸಹಿ ಹಾಕಿದ್ದಾಯ್ತು. ನನ್ನದು ಎರಡು ನಿಮಿಷದ ಕೆಲಸ. ಗಡಿಯಾರ ಮಾವನದು ಎರಡು ಗಂಟೆ. ಆ ಒಂದೇ ಸಾಲನ್ನ ಭೂತಗನ್ನಡಿ ಹಿಡಿದು ಹತ್ತು ಸಲ ಓದಿದ್ರು. ಆಮೇಲೆ ಕೇಳಿದ್ರು, ‘ನಿನ್ನ ತಮ್ಮ ಆ ಕರಾರನ್ನ ಕಣ್ಣಾರೆ ನೋಡಿದ್ದಾನಾ?’

‘ನೋಡದೇ ಹೇಳೋ ಹುಡುಗ ಅಲ್ಲ ಅವನು’ ಅಂದೆ.

‘ಹಾಗಾದರೆ ನಿನ್ನ ಮಾತಿನ ಮೇಲೆ ಹಾಕ್ತೀನಮ್ಮ’ ಅಂತ ಹಾಕಿದ್ರು. ಪಾಪ, ಸಹಿ ಅಂಚು ದಾಟಿ ಹೋಯ್ತು.

ಆ ಕರಾರಿನ ಕೆಲಸ ನಿಮ್ಮ ಕಚೇರಿಗೇ ಸಿಕ್ಕಿದ್ರೆ ಎಷ್ಟು ಚೆನ್ನಾಗಿತ್ತು! ನಮ್ಮವನೊಬ್ಬ ಒಳಗಿದ್ದಾನೆ ಅನ್ನೋ ಧೈರ್ಯ ಇರ್ತಿತ್ತು. ಇರಲಿ, ನೀನು ಹೊರಗಿಂದಲೇ ಇಷ್ಟು ಮಾಡಿದ್ದು ಸಾಕು.

ಹೊಸ ಇಂಜಿನ್ ಪಂಪು ಹಾಕಿಸಿದ್ವಿ. ಮೂರು ವರ್ಷ ಇದೆಯಲ್ಲ, ಖರ್ಚು ಗಿಟ್ಟುತ್ತೆ.

ಅಕ್ಕ

●

28 ಏಪ್ರಿಲ್ 2012

ಅಕ್ಕಾ,

ಉತ್ತರ ಬರೆಯೋಕೆ ಪುರುಸೊತ್ತೇ ಆಗಲಿಲ್ಲ. ಹೋದ ಗುರುವಾರ ಒಂದು ದೊಡ್ಡ ಕರಾರಿಗೆ ಸಹಿ ಆಯ್ತು. ಯಾವುದು ಅಂತ ಹೇಳೋ ಹಾಗಿಲ್ಲ. ಹದಿನಾಲ್ಕು ಪೆಟ್ಟಿಗೆ ಕಾಗದ, ಮೂರು ಬ್ಯಾಂಕು, ಮೇಜಿನ ಸುತ್ತ ಹನ್ನೆರಡು ಜನ ಸಹಿ ಹಾಕೋರು. ನಾಲ್ಕು ತಿಂಗಳು ಕಚೇರಿಯಲ್ಲೇ ಊಟ, ಕಚೇರಿಯಲ್ಲೇ ನಿದ್ದೆ. ಮುಗಿದ ಮೇಲೆ ನಮ್ಮ ಹಿರಿಯರು ನನ್ನನ್ನ ಪಾಲುದಾರನಾಗಿ ಮಾಡಿಕೊಂಡ್ರು. ಕಚೇರಿ ಬಾಗಿಲಿನ ಮೇಲೆ ನನ್ನ ಹೆಸರು ಬಂತು.

ಖುಷಿ ಆಗಬೇಕಿತ್ತು. ಸುಸ್ತು ಅನ್ನಿಸುತ್ತೆ.

ಅಲ್ಲಿ ಎಲ್ಲ ಸರಿ ಇದೆಯಾ? ಧಕ್ಕೆಗೆ ಏನಾದರೂ ನೋಟೀಸು ಬಂದರೆ ಬೇರೆ ಯಾರ ಹತ್ತಿರವೂ ಹೋಗಬೇಡ. ಮೊದಲು ನನಗೆ ತಿಳಿಸು.

ತಮ್ಮ

●

9 ಮೇ 2012

ತಮ್ಮಾ,

ನಿನ್ನ ನಾಲಿಗೆ ಮೇಲೆ ಏನು ಮಚ್ಚೆ ಇದೆಯೋ! ನೋಟೀಸು ಅಂದೆ, ನೋಟೀಸು ಬಂತು.

ಮೊನ್ನೆ ಬೆಳಿಗ್ಗೆ ಧಕ್ಕೆಯ ಕಂಬಕ್ಕೆ ಅಂಟಿಸಿ ಹೋಗಿದ್ದಾರೆ. ಸೇತುವೆ ಜಾಗದಿಂದ ಮೇಲೂ ಕೆಳಗೂ ಹದಿನೈದು ಕಿಲೋಮೀಟರಿನೊಳಗೆ, ಬಾಡಿಗೆಗೆ ಜನರನ್ನಾಗಲಿ ಗಾಡಿಗಳನ್ನಾಗಲಿ ದಾಟಿಸೋ ಯಾವ ಲಾಂಚೂ ‘ಈ ಕರಾರಿನ ದಿನದಿಂದ’ ಓಡೋ ಹಾಗಿಲ್ಲವಂತೆ. ಸೇತುವೆ ತೆರೆದ ದಿನದಿಂದ ಅಲ್ಲ, ಕರಾರಿನ ದಿನದಿಂದ! ನದಿಯಲ್ಲಿ ಇನ್ನೂ ಒಂದು ಗೂಟ ನೆಟ್ಟಿಲ್ಲ ಕಣೋ. ನಾವು ನಿಲ್ಲಿಸಿದ್ರೆ ಜನ ದಾಟೋದು ಈಜಿಕೊಂಡಾ? ಸುತ್ತಿ ಹೋದರೆ ಎಪ್ಪತ್ತನಾಲ್ಕು ಕಿಲೋಮೀಟರು.

ಯಾರೋ ಗುಮಾಸ್ತ ತಪ್ಪು ಟೈಪ್ ಮಾಡಿರಬೇಕು. ಗಡಿಯಾರ ಮಾವ ಬಂದು ಬೆಂಚಿನ ಮೇಲೆ ಕೂತಿದ್ರು. ‘ನನ್ನ ತಮ್ಮ ಒಂದು ವಾರದಲ್ಲಿ ಸರಿಮಾಡಿಸ್ತಾನೆ ಮಾವ’ ಅಂದೆ. ಯಾರನ್ನ ಕಾಣಬೇಕು, ಏನು ಬರೀಬೇಕು ಹೇಳು. ಬೇಗ.

ಅಕ್ಕ

●

23 ಮೇ 2012

ಪ್ರಿಯ ಅಕ್ಕ,

ಟೈಪಿನ ತಪ್ಪು ಅಂತ ಹೇಳಲಿಕ್ಕೆ ಬರುವುದಿಲ್ಲ. ಇದು ವ್ಯಾಖ್ಯಾನದ ಪ್ರಶ್ನೆ. ಸಾಲ ಕೊಟ್ಟವರಿಗೆ ಪೈಪೋಟಿಯಿಂದ ರಕ್ಷಣೆ ಬೇಕು ಎಂಬುದು ಇಂಥ ಷರತ್ತಿನ ಉದ್ದೇಶ. ಅದು ಯಾವಾಗಿನಿಂದ ಅನ್ವಯಿಸಬೇಕು ಎಂಬುದರ ಬಗ್ಗೆ ಎರಡು ಅಭಿಪ್ರಾಯ ಇರಬಹುದು. ನೀವಿಬ್ಬರೂ ಬಂದರು ಅಧಿಕಾರಿಗೆ ವಿನಾಯಿತಿ ಕೋರಿ ಅರ್ಜಿ ಕೊಡಿ. ಅರ್ಜಿಯ ನಮೂನೆ ಇಟ್ಟಿದ್ದೇನೆ. ನನ್ನ ಹೆಸರು ಎಲ್ಲಿಯೂ ಹೇಳಬೇಡ, ಅದರಿಂದ ನಿನಗೇ ತೊಂದರೆ.

ಉತ್ತರ ಬರುವವರೆಗೆ ಲಾಂಚು ಕಟ್ಟಿಹಾಕಿರುವುದು ಒಳ್ಳೆಯದು.

ತಮ್ಮ

●

3 ಮಾರ್ಚ್ 2013

ತಮ್ಮನಿಗೆ,

ಹತ್ತು ತಿಂಗಳಲ್ಲಿ ನಾಲ್ಕು ಅರ್ಜಿ ಕೊಟ್ವಿ. ನೀನು ಕಳಿಸಿದ ನಮೂನೆಯಲ್ಲೇ. ಒಂದಕ್ಕೂ ಉತ್ತರ ಇಲ್ಲ. ನಿನಗೆ ಎರಡು ಕಾಗದ ಹಾಕಿದೆ. ಅದಕ್ಕೂ ಇಲ್ಲ. ನಿನಗೆ ಕೆಲಸದ ಒತ್ತಡ ಅಂದುಕೊಂಡೆ.

ಸೇತುವೆ ಕಥೆ ಕೇಳು. ಆರು ಕಂಬ ಎದ್ದವು, ಅಲ್ಲಿಗೆ ಕೆಲಸ ನಿಂತಿತು. ಆಚೆ ದಡದಲ್ಲಿ ರಸ್ತೆಗೆ ಜಾಗ ಕೊಡಿಸೋದು ಸರ್ಕಾರದ ಜವಾಬ್ದಾರಿ, ಅದು ಆಗಲಿಲ್ಲ. ಅದು ಆಗೋವರೆಗೆ ಸಾಲದ ಮುಂದಿನ ಕಂತು ಇಲ್ಲ ಅಂತ ಬ್ಯಾಂಕಿನವರು ಕೈ ಎತ್ತಿದ್ರು. ಈಗ ಕಂಬಗಳ ಮೇಲೆ ಕಂಬಿ ತುಕ್ಕು ಹಿಡೀತಿದೆ. ಅದನ್ನ ಯಾರೂ ಕದೀದೇ ಇರಲಿ ಅಂತ ಕಂಪನಿ ಒಬ್ಬ ಕಾವಲುಗಾರನನ್ನ ಇಟ್ಟಿತ್ತು. ಆ ಕಾವಲುಗಾರ ನಿನ್ನ ಭಾವ. ಖಾಕಿ ಅಂಗಿ ಕೊಟ್ಟಿದ್ರು, ತೋಳು ಗಿಡ್ಡ.

ಫೆಬ್ರವರಿ ಹತ್ತೊಂಬತ್ತನೇ ತಾರೀಖು ಮಧ್ಯಾಹ್ನ ಆಸ್ಪತ್ರೆ ನರ್ಸು ಓಡಿಬಂದ್ಲು. ಹಿಂದೆ ಗಾಡಿಯಲ್ಲಿ ಬಸುರಿ ಹೆಂಗಸು, ಇಲ್ಲಿಯ ಶಾಲೆಯ ಮೇಡಂ. ಮಗು ಅಡ್ಡ ತಿರುಗಿತ್ತು. ದೊಡ್ಡಾಸ್ಪತ್ರೆ ಇರೋದು ಆಚೆ ದಡದಲ್ಲಿ. ಲಾರಿಗಳು ಓಡಾಡಿ ರಸ್ತೆ ಎದ್ದುಹೋಗಿದೆ, ಸುತ್ತಿ ಹೋದರೆ ಮೂರು ಗಂಟೆ. ನರ್ಸು ಬೇಡಿಕೊಳ್ಳಲಿಲ್ಲ, ಅಳಲಿಲ್ಲ. ‘ಮೂರು ಗಂಟೆ ಇಲ್ಲ ಅಕ್ಕ’ ಅಂತ ಅಷ್ಟೇ ಅಂದ್ಲು.

ನಿನ್ನ ಭಾವ ಕಾವಲು ಬಿಟ್ಟು ಬಂದು ಚುಕ್ಕಾಣಿ ಹಿಡಿದ್ರು. ಗಡಿಯಾರ ಮಾವ ಆಚೆ ದಡದಿಂದ ಕೈ ಬೀಸಿ ಎಲ್ಲಿ ಮರಳು ಕೂತಿದೆ ಅಂತ ದಾರಿ ತೋರಿಸಿದ್ರು. ಇಪ್ಪತ್ತೆರಡು ನಿಮಿಷ. ಹೆಣ್ಣು ಮಗು. ತಾಯಿ ಮಗು ಇಬ್ಬರೂ ಉಳಿದ್ರು.

ಒಂದು ವಾರಕ್ಕೆ ನೋಟೀಸು. ನಾವು ಕರಾರು ಮುರಿದಿದ್ದೀವಂತೆ. ಅದರಿಂದ ಕಂಪನಿಗೆ ಸುಂಕದ ಆದಾಯ ನಷ್ಟ ಆಗಿದೆಯಂತೆ, ಕಟ್ಟಿಕೊಡಬೇಕಂತೆ. ಇಲ್ಲದ ಸೇತುವೆಯ ಮೇಲೆ, ಹೋಗದ ಗಾಡಿಯ ಸುಂಕ! ನಕ್ಕುಬಿಟ್ಟೆ ಕಣೋ ಮೊದಲು. ಲಾಂಚಿಗೆ ಬೀಗ ಹಾಕಿ ಅರಗು ಒತ್ತಿ ಹೋದರು. ನಿನ್ನ ಭಾವನ ಕೆಲಸವೂ ಹೋಯ್ತು.

ಆಮೇಲೆ ನೋಟೀಸಿನ ಕೊನೇ ಪುಟ ತಿರುವಿ ನೋಡಿದೆ.

ಆ ಸಹಿ ನನಗೆ ಗೊತ್ತು. ಕೆಳಗೆ ಹೆಸರೂ ಇದೆ.

ಅಕ್ಕ

●

10 ಮಾರ್ಚ್ 2013

ಅಕ್ಕಾ,

ಇಪ್ಪತ್ತು ಸಲ ಬರೆದು ಹರಿದೆ. ಈಗ ಇದ್ದದ್ದು ಇದ್ದಹಾಗೆ ಬರೀತೀನಿ.

ಕಂಪನಿಯ ವಕೀಲರು ನಾವೇ. ಮೊದಲಿನಿಂದಲೂ. ನೀನು ಒಪ್ಪಿಗೆ ಪತ್ರದ ಬಗ್ಗೆ ಕೇಳಿದಾಗ ಕರಾರಿನ ಕರಡು ನನ್ನ ಮೇಜಿನ ಮೇಲೇ ಇತ್ತು. ಲಾಂಚಿನ ಷರತ್ತು ಬರೆದವನೂ ನಾನೇ. ಆದರೆ ನಂಬು, ನಾನು ಬರೆದಿದ್ದು ‘ಸೇತುವೆ ಸಂಚಾರಕ್ಕೆ ತೆರೆದ ದಿನದಿಂದ’ ಅಂತ. ನಿನಗೆ ಹೇಳಿದ್ದು ಸುಳ್ಳಲ್ಲ, ಅವತ್ತಿಗೆ ಅದೇ ನಿಜ.

ಬ್ಯಾಂಕಿನ ವಕೀಲರು ಕೊನೆಯ ವಾರ ಅದನ್ನ ಬದಲಾಯಿಸಿದ್ರು. ಸೇತುವೆ ಕಟ್ಟೋ ಹೊತ್ತಿಗೆ ಇನ್ಯಾರಾದರೂ ದೊಡ್ಡ ಲಾಂಚು ತಂದು ಗಿರಾಕಿ ಹಿಡಿದುಕೊಂಡ್ರೆ ಅನ್ನೋ ಭಯ ಅವರಿಗೆ. ನೂರಾರು ತಿದ್ದುಪಡಿಗಳ ನಡುವೆ ಇದು ನನ್ನ ಕಣ್ಣಿಗೆ ಬೀಳಲಿಲ್ಲ. ಬಿದ್ದದ್ದು ಸಹಿ ದಿನ, ಮಧ್ಯಾಹ್ನ ಮೂರು ಗಂಟೆಗೆ. ಎಲ್ಲರೂ ಕೂತಾಗಿತ್ತು. ಹಿರಿಯರ ಕಿವಿಯಲ್ಲಿ ಹೇಳಿದೆ. ಅವರು ಅಂದ್ರು, ‘ಈಗ ಇದನ್ನ ತೆಗೆದರೆ ಹನ್ನೆರಡು ಜನ ಮತ್ತೆ ಒಪ್ಪಬೇಕು. ಈ ಬಡ್ಡಿ ದರ ಇರೋದು ಐದು ಗಂಟೆವರೆಗೆ. ಇದರಿಂದ ತೊಂದರೆ ಯಾರಿಗೆ?’

‘ಎರಡು ಲಾಂಚು ಇವೆ ಸರ್’ ಅಂದೆ.

‘ಯಾರದ್ದು?’

‘ಗೊತ್ತಿಲ್ಲ’ ಅಂದೆ.

ಯಾಕೆ ಹಾಗಂದೆನೋ ಇವತ್ತಿಗೂ ತಿಳಿದಿಲ್ಲ. ನನ್ನ ಅಕ್ಕಂದು ಅಂದಿದ್ರೆ ಆ ಕೆಲಸದಿಂದಲೇ ನನ್ನನ್ನ ಹೊರಗೆ ಹಾಕ್ತಿದ್ರು. ಒಬ್ಬರಿಗೂ ಹೇಳಿರಲಿಲ್ಲ. ಎರಡು ದೋಣಿ ಮೇಲೆ ಕಾಲಿಟ್ಟವನು ಒಂದರಿಂದಲಾದರೂ ಕಾಲು ತೆಗೀಬೇಕಲ್ಲ, ನಾನು ನಿನ್ನದರಿಂದ ತೆಗೆದೆ.

ನೋಟೀಸಿಗೆ ಸಹಿ ನಾನು ಹಾಕದಿದ್ರೆ ಇನ್ನೊಬ್ಬ ಹಾಕ್ತಿದ್ದ, ದುಪ್ಪಟ್ಟು ನಷ್ಟ ಕೇಳ್ತಿದ್ದ. ಅದನ್ನ ಅರ್ಧಕ್ಕೆ ಇಳಿಸಿದ್ದು ನಾನು. ಅಷ್ಟನ್ನ ನಾನೇ ಕಟ್ಟಿಬಿಡ್ತೀನಿ, ನೀನು ಚಿಂತೆ ಮಾಡಬೇಡ.

ಈ ಕಾಗದ ಯಾರಿಗೂ ತೋರಿಸಬೇಡ. ಕಕ್ಷಿದಾರರ ಗುಟ್ಟು ಹೊರಹಾಕಿದೆ ಅಂತ ನನ್ನ ವಕೀಲಿಕೆಗೇ ಸಂಚಕಾರ ಬರುತ್ತೆ.

ನಿನ್ನ ತಮ್ಮ

●

20 ಮಾರ್ಚ್ 2013

ತಮ್ಮನಿಗೆ,

ನಾನೂ ಗಡಿಯಾರ ಮಾವನೂ ಕೋರ್ಟಿಗೆ ಹೋಗಿದ್ದೀವಿ. ನಮ್ಮ ವಕೀಲರು ಒಬ್ಬ ಹುಡುಗಿ. ಅವಳ ಕಚೇರಿ ಜೆರಾಕ್ಸ್ ಅಂಗಡಿ ಮಹಡಿ ಮೇಲೆ, ಮಾತಾಡುವಾಗ ಕೆಳಗಿಂದ ಮೆಷಿನ್ ಸದ್ದು. ಅವಳು ನೆಟ್ಟಗೆ ಹೇಳಿದ್ಲು: ‘ನೀವು ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿದ್ದೀರಿ, ಅಲ್ಲೇ ಸಿಕ್ಕಿಬಿದ್ದಿದ್ದೀರಿ. ಆ ದಿನಾಂಕ ಬೇಕೂಂತ ಹಾಕಿದ್ದಲ್ಲ, ಇರೋ ಲಾಂಚುಗಳನ್ನ ನಿಲ್ಲಿಸೋ ಉದ್ದೇಶ ಯಾರಿಗೂ ಇರಲಿಲ್ಲ ಅಂತ ಒಳಗಿದ್ದವರು ಯಾರಾದರೂ ಹೇಳಿದ್ರೆ ಮಾತ್ರ ಗೆಲ್ತೀರಿ.’

ಒಳಗಿದ್ದವನು ನೀನು.

ನಿನ್ನ ಕಾಗದ ಅವಳಿಗೆ ತೋರಿಸಿಲ್ಲ. ಮಾವನಿಗೂ ತೋರಿಸಿಲ್ಲ. ನೀನಾಗೇ ಬಂದು ಹೇಳು. ಜೂನ್ ಇಪ್ಪತ್ತೆಂಟಕ್ಕೆ ವಿಚಾರಣೆ ಇದೆ.

ದುಡ್ಡು ಕಟ್ಟಬೇಡ. ಕಟ್ಟಿದ್ರೆ ತಪ್ಪು ನಮ್ಮದು ಅಂತ ಒಪ್ಪಿಕೊಂಡ ಹಾಗೆ. ಅಷ್ಟು ಕಾನೂನು ಈಗ ನನಗೂ ಬರುತ್ತೆ.

ಇನ್ನೊಂದು. ನೀನು ‘ಗೊತ್ತಿಲ್ಲ’ ಅಂದ ಮಾತನ್ನ ನಿನ್ನ ಭಾವನಿಗೆ ಓದಿ ಹೇಳಲಿಲ್ಲ. ಅಲ್ಲಿಗೆ ಬಂದಾಗ ಸಾಲು ಹಾರಿಸಿದೆ.

ಅಕ್ಕ

●

2 ಏಪ್ರಿಲ್ 2013

ಮಾನ್ಯರೇ,

ತಮ್ಮ ದಿನಾಂಕ 20-3-2013ರ ಪತ್ರ ತಲುಪಿದೆ. ಸದರಿ ವಿಷಯವು ನ್ಯಾಯಾಲಯದ ಮುಂದಿರುವುದರಿಂದ, ನಮ್ಮ ಕಕ್ಷಿದಾರರ ಹಿತಕ್ಕೆ ಬಾಧಕವಾಗುವ ಯಾವುದೇ ಹೇಳಿಕೆಯನ್ನು ನೀಡಲು ನಾವು ಬದ್ಧರಲ್ಲ. ಈ ಕಚೇರಿಯ ಯಾರೇ ಪಾಲುದಾರರು ವೈಯಕ್ತಿಕವಾಗಿ ಬರೆದಿರಬಹುದಾದ ಪತ್ರವನ್ನು ಸಾಕ್ಷ್ಯವಾಗಿ ಹಾಜರುಪಡಿಸಿದಲ್ಲಿ ತೀವ್ರವಾಗಿ ಆಕ್ಷೇಪಿಸಲಾಗುವುದು ಹಾಗೂ ಮುಂದಿನ ಪರಿಣಾಮಗಳಿಗೆ ತಾವೇ ಹೊಣೆಗಾರರಾಗುತ್ತೀರಿ.

ತಮ್ಮ ವಿಶ್ವಾಸಿ,
ಪಾಲುದಾರರು

●

30 ಜೂನ್ 2013

ತಮ್ಮನಿಗೆ,

‘ತಮ್ಮ ವಿಶ್ವಾಸಿ’ ಅಂತ ನೋಡಿ ಒಂದು ಗಳಿಗೆ ‘ತಮ್ಮ’ ಅಂತ ಓದಿಕೊಂಡುಬಿಟ್ಟೆ. ಆಮೇಲೆ ಅದು ನಮ್ಮಿಬ್ಬರ ಸಂಬಂಧದ ಮಾತಲ್ಲ ಅಂತ ಗೊತ್ತಾಯ್ತು.

ನೀನು ಬರ್ತೀಯ ಅಂತ ಶುಕ್ರವಾರ ಬಾಗಿಲ ಕಡೆ ನೋಡ್ತಾನೇ ಇದ್ದೆ. ನಿಮ್ಮ ಹಿರಿಯರು ಬಂದಿದ್ರು. ಬಿಳಿ ತಲೆ, ಮೃದು ಮಾತು. ನಮ್ಮ ವಕೀಲ ಹುಡುಗಿ ಹೇಳೋದನ್ನೆಲ್ಲ ಹೇಳಿ ಕೂತ್ಲು, ಕೈಯಲ್ಲಿ ಇನ್ನೇನೂ ಉಳಿದಿರಲಿಲ್ಲ. ಗಡಿಯಾರ ಮಾವ ಪಕ್ಕದಲ್ಲಿ ಎರಡೂ ಕೈ ಮಂಡಿ ಮೇಲೆ ಇಟ್ಟುಕೊಂಡು ಕೂತಿದ್ರು. ಒಂದು ಸಲವೂ ಅವರು ನನಗೆ ‘ನಿನ್ನ ಮಾತಿನ ಮೇಲೆ ಸಹಿ ಹಾಕಿದೆನಲ್ಲಮ್ಮ’ ಅಂತ ಆಡಿ ತೋರಿಸಿಲ್ಲ. ಆಡಿದ್ರೆ ಬಹುಶಃ ನಾನು ಸುಮ್ಮನಿರ್ತಿದ್ದೆ. ಚೀಲದಿಂದ ನಿನ್ನ ಕಾಗದ ತೆಗೆದು ಹುಡುಗಿ ಕೈಗೆ ಕೊಟ್ಟೆ.

ನಿಮ್ಮ ಹಿರಿಯರು ನನ್ನನ್ನೇ ಕೇಳಿದ್ರು, ‘ಇದನ್ನ ಬರೆದವರು ಯಾರು ಅಂತ ನಿಮಗೆ ಗೊತ್ತಾ?’

‘ಗೊತ್ತು. ನನ್ನ ಸ್ವಂತ ತಮ್ಮ.’

ಅವರ ಮುಖ ನೋಡಬೇಕಿತ್ತು ನೀನು. ಅವರಿಗೆ ಅಲ್ಲಿಯವರೆಗೆ ನಿಜವಾಗಲೂ ಗೊತ್ತಿರಲಿಲ್ಲ.

‘ನಿಮ್ಮನ್ನ ನಂಬಿ ಗುಟ್ಟಾಗಿ ಬರೆದ ಕಾಗದ ಅಲ್ವಾ ಇದು?’

‘ಹೌದು.’

‘ಆದರೂ ಇಲ್ಲಿಗೆ ತಂದ್ರಾ?’

‘ಅವನನ್ನ ನಂಬಿ ನಾನೂ ಒಂದು ಕಾಗದಕ್ಕೆ ಸಹಿ ಹಾಕಿದ್ದೆ ಸ್ವಾಮಿ. ಅದನ್ನ ಇಲ್ಲಿಗೆ ತಂದವರು ನೀವು.’

ಕೋರ್ಟಿನಲ್ಲಿ ಯಾರೋ ನಕ್ಕರು. ನನಗೆ ನಗು ಬರಲಿಲ್ಲ. ಹೊರಗೆ ಬಂದು ನಲ್ಲಿ ಹತ್ತಿರ ಮುಖ ತೊಳೆದುಕೊಂಡೆ.

ಇದನ್ನ ನೀನು ಬೇರೆಯವರ ಬಾಯಿಂದ ಕೇಳಬಾರದು ಅಂತ ನಾನೇ ಬರೆದೆ.

ಅಕ್ಕ

●

11 ಫೆಬ್ರವರಿ 2014

ಅಕ್ಕಾ,

ಎರಡು ವರ್ಷ ವಕೀಲಿಕೆ ಮಾಡೋ ಹಾಗಿಲ್ಲ ಅಂತ ಆದೇಶ ಆಗಿದೆ. ಬಾಗಿಲಿನ ಹೆಸರು ನಾನು ಪೆಟ್ಟಿಗೆ ತುಂಬಿಕೊಳ್ಳೋ ಮೊದಲೇ ಕೆರೆದು ತೆಗೆದ್ರು. ಸ್ನೇಹಿತರು ಫೋನ್ ಎತ್ತಲ್ಲ. ಹಗಲೆಲ್ಲ ಕೋಣೆಯಲ್ಲಿ ಕೂತು ಗೋಡೆ ನೋಡ್ತೀನಿ.

ನಿನ್ನ ಮೇಲೆ ಸಿಟ್ಟಿತ್ತು. ತುಂಬಾ ಇತ್ತು. ಅಕ್ಕ ಆಗಿ ಹೀಗೆ ಮಾಡಬಹುದಾ ಅಂತ. ಏಪ್ರಿಲಿನ ಆ ಪತ್ರ ಹಿರಿಯರು ಹೇಳಿ ಬರೆಸಿದ್ದು ಅಂತ ಹೇಳೋಣ ಅಂದುಕೊಂಡಿದ್ದೆ. ಅಲ್ಲ, ನಾನೇ ಬರೆದದ್ದು. ಅವರಿಗೆ ತೋರಿಸಲೂ ಇಲ್ಲ.

ನಾಲ್ಕು ದಿನ ಅಲ್ಲಿಗೆ ಬಂದು ಇರಬಹುದಾ?

ತಮ್ಮ

●

24 ಫೆಬ್ರವರಿ 2014

ತಮ್ಮಾ,

ನಿನಗೆ ಅಲ್ಲಿ ಪೇಪರಿನಲ್ಲಿ ಎಷ್ಟು ಬಂತೋ ಗೊತ್ತಿಲ್ಲ. ಸೆಪ್ಟೆಂಬರಿನಲ್ಲಿ ತೀರ್ಪು ಬಂತು. ಸೇತುವೆ ತೆರೆಯೋವರೆಗೆ ಲಾಂಚು ಓಡಬಹುದು, ನಷ್ಟ ಕಟ್ಟಬೇಕಾಗಿಲ್ಲ. ಗೆದ್ವಿ.

ಬೀಗ ತೆಗೆದು ನೋಡಿದ್ರೆ ನಮ್ಮ ಲಾಂಚಿನ ತಳ ಹೋಗಿತ್ತು. ಒಂದೂವರೆ ವರ್ಷ ಕಟ್ಟಿದ ಜಾಗದಲ್ಲೇ ಇದ್ದ ಮರ, ಅದರಲ್ಲಿ ಏಳು ತಿಂಗಳು ನೀರು ಎತ್ತಿ ಹಾಕೋಕೂ ಒಳಗೆ ಬಿಟ್ಟಿರಲಿಲ್ಲ. ತಪಾಸಣೆಗೆ ಬಂದವರು ಹಲಗೆಗೆ ಚಾಕು ಚುಚ್ಚಿದ್ರು, ಹಿಡಿವರೆಗೂ ಹೋಯ್ತು. ಒಡೆಸಿ ಸೌದೆಗೆ ಹಾಕಿದ್ವಿ. ನಷ್ಟ ಕೊಡಿ ಅಂತ ಕೇಳೋಣ ಅಂದರೆ, ಒಪ್ಪಿಗೆ ಪತ್ರದಲ್ಲಿ ಆ ಹಕ್ಕನ್ನೂ ಬಿಟ್ಟುಕೊಟ್ಟ ಹಾಗಂತೆ.

ಡಿಸೆಂಬರಿನಲ್ಲಿ ಸರ್ಕಾರ ಸೇತುವೆ ಕರಾರನ್ನೇ ರದ್ದು ಮಾಡಿತು. ಜಾಗ ಕೊಡಿಸದ ತಪ್ಪು ಸರ್ಕಾರದ್ದೇ ಆಯ್ತಲ್ಲ, ಹಾಗಾಗಿ ಬ್ಯಾಂಕುಗಳ ಸಾಲ ಪೂರ್ತಿ, ಕಂಪನಿ ಹಾಕಿದ ದುಡ್ಡು ಲಾಭದ ಸಮೇತ, ಎಲ್ಲ ಖಜಾನೆಯಿಂದ ಹೋಯ್ತು. ನಮ್ಮ ವಕೀಲ ಹುಡುಗಿ ಆ ಭಾಗ ಓದಿ ನೋಡಿ, ‘ಇದನ್ನ ಬರೆದವರು ಬಹಳ ಬುದ್ಧಿವಂತರು, ಒಂದು ತೂತೂ ಬಿಟ್ಟಿಲ್ಲ’ ಅಂದ್ಲು. ನೀನೇ ಬರೆದದ್ದಿರಬೇಕು. ಅದು ಯಾರ ಕಣ್ಣಿಂದಲೂ ತಪ್ಪಿಸಿಕೊಳ್ಳಲಿಲ್ಲ ನೋಡು.

ಆರು ಕಂಬ ಹಾಗೇ ಇವೆ. ಹಕ್ಕಿಗಳಿಗೆ ಅನುಕೂಲ ಆಯ್ತು.

ನಿನ್ನ ಸಿಟ್ಟಿನ ಬಗ್ಗೆ ಬರೆದಿದ್ದೀಯ. ಇರಲಿ, ಇಟ್ಟುಕೋ. ನನ್ನದೂ ಇದೆ, ಕಡಿಮೆ ಆಗಿಲ್ಲ. ನಿನ್ನ ಕೆಲಸ ಹೋಗಿದ್ದಕ್ಕೆ ನನಗೆ ಸಂತೋಷ ಇಲ್ಲ. ಆದರೆ ಕಾಗದ ಕೊಟ್ಟಿದ್ದಕ್ಕೆ ಪಶ್ಚಾತ್ತಾಪವೂ ಇಲ್ಲ. ಈ ಎರಡರ ಮಧ್ಯೆ ಏನಿದೆಯೋ ಅದಕ್ಕೆ ನನಗೆ ಹೆಸರು ಗೊತ್ತಿಲ್ಲ.

ನಿನ್ನ ಭಾವ ನಿನ್ನ ಜೊತೆ ಮಾತಾಡಲ್ಲ, ಅದನ್ನ ಮೊದಲೇ ಹೇಳಿಬಿಡ್ತೀನಿ. ಕೋರ್ಟಿನವರು ನಿನ್ನ ಕಾಗದವನ್ನ ನಿನ್ನ ಭಾವನ ಎದುರೇ ಗಟ್ಟಿಯಾಗಿ ಓದಿದ್ರು. ನಾನು ಹಾರಿಸಿದ್ದ ಸಾಲನ್ನ ಅವರು ಹಾರಿಸಲಿಲ್ಲ.

ಬಾ ಅಂತ ಬರೆಯೋಕೆ ಕೈ ಬರ್ತಿಲ್ಲ. ಬೇಡ ಅಂತ ಬರೆಯೋಕೂ ಬರ್ತಿಲ್ಲ. ಗಡಿಯಾರ ಮಾವನ ಲಾಂಚು ತಗಡಿನದ್ದು, ಅದು ಉಳಿದುಕೊಂಡಿತು. ಬೆಳಿಗ್ಗೆ ಏಳಕ್ಕೆ ಮೊದಲನೇದು, ಸಂಜೆ ಆರಕ್ಕೆ ಕೊನೇದು. ಅದರಲ್ಲಿ ಟಿಕೆಟ್ ಹರಿಯೋ ಕೆಲಸ ಈಗ ನನ್ನದು. ಬಂದರೆ ಸಾಲಿನಲ್ಲಿ ನಿಂತು ಹತ್ತು, ಚಿಲ್ಲರೆ ಸರಿಯಾಗಿ ತಾ. ಎಲ್ಲರ ಹತ್ತಿರ ಎಷ್ಟು ತಗೋತೀನೋ ನಿನ್ನ ಹತ್ತಿರವೂ ಅಷ್ಟೇ ತಗೋತೀನಿ.

ಅಕ್ಕ